ಸಹಿ ಹಾಕಿದವರೇ ಬೈದರೆ
ಅಮೆರಿಕದಿಂದ ರಜೆಗೆ ಬಂದವರು ಬೆಂಗಳೂರನ್ನು ನೋಡಿ ಮೊದಲು ಆಡುವ ಮಾತು, ‘ಊರು ಕೆಟ್ಟುಹೋಯ್ತು’. 1990ರ ದಶಕದಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿದ ನನ್ನ ಸೋದರತ್ತೆಯ ಮಗನದೂ ಅದೇ ರಾಗ. 2008ರ ಮೇ ತಿಂಗಳಿನಿಂದ ದೇವನಹಳ್ಳಿಯ ಹೊಸ ನಿಲ್ದಾಣದಲ್ಲೇ ಇಳಿಯಬೇಕು. ಎಂ.ಜಿ. ರಸ್ತೆಯಲ್ಲಿ ಅವನು ಇಂಗ್ಲಿಷ್ ಸಿನಿಮಾ ನೋಡುತ್ತಿದ್ದ ಪ್ಲಾಜಾ ಟಾಕೀಸಿನ ಜಾಗದಲ್ಲೀಗ ಮೆಟ್ರೊ ನಿಲ್ದಾಣ. 2011ರಲ್ಲಿ ನಮ್ಮ ಮೆಟ್ರೊ ಮೊದಲು ಓಡಿದ್ದು ಅಲ್ಲಿಗೂ ಬೈಯಪ್ಪನಹಳ್ಳಿಗೂ ನಡುವೆ. ಅದೆಲ್ಲ ಸರಿ, ಸಹಿಸಿಕೊಂಡ. ಮಲ್ಲೇಶ್ವರದಲ್ಲಿ ಅವರ ಹೆಂಚಿನ ಮನೆ, ಕೆಂಪು ಗಾರೆಯ ಜಗಲಿ, ಹಿತ್ತಲಿನ ಸೀಬೆ ಮರ ಎಲ್ಲ ಹೋಗಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ಅದರ ಗೇಟಿನ ಮುಂದೆ ನಿಂತು ಮುಖ ಸಣ್ಣಗೆ ಮಾಡಿಕೊಂಡ. ‘ಬಿಲ್ಡರಿಗೆ ಕೊಡೋಣ ಅಂತ ಪತ್ರಕ್ಕೆ ಸಹಿ ಹಾಕಿದ್ದು ನೀನೇ ಅಲ್ವೇನೋ?’ ಅಂದೆ. ಉತ್ತರವಿಲ್ಲ. ಕಟುವಾಗಿಯೇ ಹೇಳಬೇಕು: ಈ ಊರಿನ ಹಳೆಯ ಮನೆಗಳನ್ನು ಕೆಡವಿದ್ದರಲ್ಲಿ ಡಾಲರಿನ ಪಾಲೂ ಇದೆ. ಫ್ಲ್ಯಾಟಿನ ಬಾಡಿಗೆಯೂ ಬರಬೇಕು, ಬಾಲ್ಯದ ಜಗಲಿಯೂ ಇರಬೇಕು ಅಂದರೆ ಹೇಗೆ? ಹಾಗೆಂದು ಎಲ್ಲವೂ ಹೋಗಿಲ್ಲ: ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವು, ಬಾಳೆಎಲೆ ಮಾರುವವರು ಫುಟ್‌ಪಾತ್ ಬಿಟ್ಟುಕೊಟ್ಟಿಲ್ಲ. ಮಹಾಶಯ ಅತ್ತ ತಿರುಗಿಯೂ ನೋಡದೆ ಪಾರ್ಕಿಂಗ್ ಇಲ್ಲವೆಂದು ಗೊಣಗಿದ. ಮುಂದಿನ ವರ್ಷ ಬರುವವರಿಗೆ ಒಂದು ಮಾತು. ಕ್ರಿಸ್‌ಮಸ್ ರಜೆಗೆ ಕಾಯಬೇಡಿ, ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೆ ಟಿಕೆಟ್ ಮಾಡಿಸಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಈಗಲೂ ಬುಲ್ ಟೆಂಪಲ್ ರಸ್ತೆಯಲ್ಲೇ ನಡೆಯುತ್ತದೆ.