ಹಿತ್ತಿಲ ಗುಂಡಿಯೂ ಒಂದು ದಾಖಲೆ
ಮಂಗಳೂರಿನ ಹಳೆಯ ತೋಟದ ಮನೆಗಳು ಒಂದೊಂದಾಗಿ ವಸತಿ ಸಮುಚ್ಚಯಗಳಿಗೆ ಜಾಗ ಬಿಟ್ಟುಕೊಡುತ್ತಿವೆ. ಅಡಿಪಾಯ ಅಗೆಯುವಾಗ ಹಿತ್ತಿಲ ಕಸದ ಗುಂಡಿಯಿಂದ ಗೋಲಿ ಸೋಡಾದ ಸೀಸೆ, ಔಷಧಿಯ ಬಾಟಲಿ, ಮುದ್ರೆಯುಳ್ಳ ಹೆಂಚಿನ ಚೂರು ಹೊರಬರುವುದುಂಟು. ಅವು ಗುಜರಿಗೋ, ಹವ್ಯಾಸಿಗಳ ಕಪಾಟಿಗೋ ಸೇರುತ್ತವೆ.

ಇದರಿಂದಾಗುವ ನಷ್ಟ ಮಾಹಿತಿಯದು. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಗೋಲಿಯಿಂದ ಬಾಯಿ ಮುಚ್ಚುವ ಸೀಸೆಗೆ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು 1870ರ ದಶಕದಲ್ಲಿ. ಇಂತಹ ವಸ್ತು ಯಾವ ಪದರದಲ್ಲಿ, ಯಾವುದರ ಜೊತೆ ದೊರೆಯಿತೆಂಬುದು ತಿಳಿದರೆ, ಪೇಟೆಯ ಸರಕು ಆ ಮನೆಯನ್ನು ಯಾವ ಕಾಲದಲ್ಲಿ ತಲುಪಿತೆಂದು ಅಂದಾಜಿಸಬಹುದು. ಕಂದಾಯ ಕಡತಗಳಲ್ಲಿ ಜಮೀನು, ತೀರ್ವೆಗಳ ಲೆಕ್ಕವಿದೆ, ಅಡುಗೆಮನೆಯ ಲೆಕ್ಕವಿಲ್ಲ.

1972ರ ಪುರಾತನ ವಸ್ತುಗಳ ಕಾಯ್ದೆ ನೋಡುವುದು ಮುಖ್ಯವಾಗಿ ನೂರು ವರ್ಷದ ಪ್ರಾಯವನ್ನು. 1940ರ ಸೀಸೆಗೆ ಅಲ್ಲಿ ಸ್ಥಾನವಿಲ್ಲ. ಹೊಸ ಕಾನೂನಿನ ಅಗತ್ಯವೂ ಇಲ್ಲ. ಹಳೆಯ ಮನೆ ಕೆಡಹಲು ಅನುಮತಿ ನೀಡುವಾಗ ಮಹಾನಗರಪಾಲಿಕೆ ಒಂದು ಷರತ್ತು ವಿಧಿಸಲಿ: ಇಂತಹ ಗುಂಡಿ ಕಂಡುಬಂದರೆ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಬೇಕು. ಕೆಲವು ಛಾಯಾಚಿತ್ರ, ಒಂದು ನಕ್ಷೆ, ವಸ್ತುಗಳ ಪಟ್ಟಿ ಮಾಡಲು ಒಂದೆರಡು ದಿನ ಸಾಕು. ಕಟ್ಟಡ ನಿರ್ಮಾಣಕ್ಕೆ ಇದು ಭಾರವಾಗದು. ಅಗೆದು ಹಾಕಿದ ಗುಂಡಿಯನ್ನು ಮಾತ್ರ ಮತ್ತೆ ಓದಲಾಗದು.