ನಾಲ್ಕು ಚುಕ್ಕೆಗೆ ಐದು ಸಾವಿರ ರೂಪಾಯಿ

ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ರೂಪಾಯಿಯ ವಿಷಯಕ್ಕೆ ಸಣ್ಣ ಜಗಳವೇ ಆಯಿತು. ಆ ರೂಪಾಯಿ ಸದ್ಯಕ್ಕೆ ಮುಂಬಯಿಯಲ್ಲೂ ಇಲ್ಲ. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣನ ಮಗನ ಮೇಜಿನ ಡ್ರಾಯರಿನಲ್ಲಿ ಬೆಚ್ಚಗೆ ಕೂತಿದೆ. ಚಿಕ್ಕಪ್ಪನ ಹುಚ್ಚು ಗೊತ್ತಿದ್ದ ಹುಡುಗ, ಅಲ್ಲೊಂದು ನಾಣ್ಯಮೇಳದಲ್ಲಿ ಕಂಡಿದ್ದೇ ತಡ, ಫೋಟೋ ಕಳಿಸಿ "ಬೇಕಾ?" ಅಂದ. 1862ರ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಆಗಲೇ ಗ್ರೇಡ್ ಆಗಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಆಗಿದೆ. ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ. ಬೇಡ ಅನ್ನುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

ಜಗಳ ಅದಕ್ಕಲ್ಲ. ಡಬ್ಬಿಯ ಲೇಬಲ್ಲಿನಲ್ಲಿ ಇಸವಿ ಇದೆ, ರೂಪಾಯಿ ಅಂತ ಇದೆ, ಗ್ರೇಡಿನ ಅಂಕಿ ಇದೆ. ಆದರೆ ಅದು ಯಾವ ವೆರೈಟಿ ಅನ್ನುವುದು ಮಾತ್ರ ಇಲ್ಲ. ಅದನ್ನು ಬರೆಸಲು ನಾಣ್ಯವನ್ನು ಗ್ರೇಡ್ ಮಾಡಿದ ಕಂಪನಿಗೇ ಮತ್ತೆ ಕಳಿಸಬೇಕು. ಅವರ ಶುಲ್ಕ, ಹೋಗಿ ಬರುವ ವಿಮೆ, ಅಂಚೆ ಎಲ್ಲ ಸೇರಿ ಐದು ಸಾವಿರದ ಮೇಲೆ. "ಹದಿನಾರು ಸಾವಿರದ ನಾಣ್ಯಕ್ಕೆ ಐದು ಸಾವಿರದ ನಾಮಕರಣವಾ? ನೀವು ಬ್ಯಾಂಕಿನಲ್ಲಿ ಸಾಲ ಹೇಗೆ ಮಂಜೂರು ಮಾಡ್ತೀರೋ!" ಅಂದಳು ನನ್ನಾಕೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಈ ಉತ್ತರ. ಅವಳೂ ಓದುತ್ತಾಳೆ.

ನಾಣ್ಯದ ಗೀಳಿಲ್ಲದವರಿಗಾಗಿ ಸ್ವಲ್ಪ ವಿವರ. ಇವತ್ತು ನಾಣ್ಯಕ್ಕೆ ಇಂಥ ಸರ್ಟಿಫಿಕೇಟು ಕೊಡುವವರಲ್ಲಿ ದೊಡ್ಡ ಹೆಸರು ಎರಡು, ಪಿಸಿಜಿಎಸ್ ಮತ್ತು ಎನ್‌ಜಿಸಿ. ಎರಡೂ ಅಮೆರಿಕದವು, 1980ರ ದಶಕದಲ್ಲಿ ಶುರುವಾದವು. ನಾಣ್ಯ ಅಸಲಿಯೇ ಅಂತ ನೋಡಿ, ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಟ್ಟು, ಡಬ್ಬಿಯೊಳಗೆ ಮುಚ್ಚಿ ಕೊಡುತ್ತಾರೆ. ಒಂದೇ ಇಸವಿಯ ನಾಣ್ಯದಲ್ಲಿ ಅಚ್ಚಿನ ಭೇದಗಳಿದ್ದರೆ ಅದು ವೆರೈಟಿ. ಅದನ್ನು ಲೇಬಲ್ಲಿಗೆ ಹತ್ತಿಸಬೇಕಾದರೆ ನಾವೇ ಕೇಳಿ, ಪ್ರತ್ಯೇಕ ದುಡ್ಡು ಕಟ್ಟಬೇಕು. ಮೊದಲು ಕಳಿಸಿದ ಪುಣ್ಯಾತ್ಮ ಕೇಳಲಿಲ್ಲ, ಅವರು ಬರೆಯಲಿಲ್ಲ.

1862ರ ರೂಪಾಯಿಯ ಕಥೆ ತಮಾಷೆಯದು. ಅದರ ಮೇಲೆ 1862 ಅಂತಿದ್ದ ಮಾತ್ರಕ್ಕೆ ಅದು 1862ರಲ್ಲೇ ಅಚ್ಚಾದದ್ದು ಅಂತೇನೂ ಇಲ್ಲ! 1873ರವರೆಗೂ ಸರ್ಕಾರ ಅದೇ ಇಸವಿ ಇಟ್ಟುಕೊಂಡೇ ರೂಪಾಯಿ ಅಚ್ಚು ಹಾಕಿಸಿತು. ಅಚ್ಚು ಹಾಕಿದ್ದು ಕಲ್ಕತ್ತಾ, ಬೊಂಬಾಯಿ, ಮದ್ರಾಸು ಟಂಕಸಾಲೆಗಳಲ್ಲಿ (ಮದ್ರಾಸಿನದು 1869ರಲ್ಲಿ ಮುಚ್ಚಿತು). ರಾಣಿಯ ಮುಖದಲ್ಲಿ ಭೇದ, ಹಿಂಬದಿಯ ಹೂಬಳ್ಳಿಯಲ್ಲಿ ಭೇದ. ಇವೆಲ್ಲಕ್ಕಿಂತ ರುಚಿಯಾದದ್ದು ಬೊಂಬಾಯಿಯ ಚುಕ್ಕೆಗಳು. ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳಿರುತ್ತವೆ, ಒಂದೊಂದು ನಾಣ್ಯದಲ್ಲಿ ಒಂದೊಂದು ಸಂಖ್ಯೆ. ಇಸವಿ ಬದಲಾಯಿಸುವ ಹಾಗಿಲ್ಲದಿದ್ದರಿಂದ, ನಿಜಕ್ಕೂ ಯಾವ ವರ್ಷ ಅಚ್ಚಾಯಿತು ಅಂತ ಗುರುತಿಗೆ ಹಾಕಿದ್ದಿರಬೇಕು ಅನ್ನುವುದು ಬಲ್ಲವರ ಊಹೆ. ಸಂಗ್ರಾಹಕರು ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಎಣಿಸಿ ಪಟ್ಟಿ ಮಾಡಿದ್ದಾರೆ. ಪ್ರಿಡ್ಮೋರನ ಪುಸ್ತಕದಲ್ಲೂ, 2012ರಲ್ಲಿ ಬಂದ ಸ್ಟೀವನ್ಸ್ ಮತ್ತು ವೇರ್ ಅವರ ಪುಸ್ತಕದಲ್ಲೂ ಇದು ಇದೆ.

ನನ್ನದರಲ್ಲಿ ನಾನು ಎಣಿಸಿದ್ದು ನಾಲ್ಕು. ಹುಡುಗ ಮೊದಲು ಮೂರು ಅಂದ. ನಾಲ್ಕನೆಯದು ಕಪ್ಪು ಕಲೆಯೊಳಗೆ ಅಡಗಿ ಕೂತಿತ್ತು. ದೀಪ ಓರೆ ಹಿಡಿದು ಹದಿನೇಳು ಫೋಟೋ ತೆಗೆದು ಕಳಿಸಿದ. ಹದಿನಾಲ್ಕನೆಯದರಲ್ಲಿ ಸಿಕ್ಕಿತು. "ಚಿಕ್ಕಪ್ಪಾ, ನಿಮಗೆ ಈ ವಯಸ್ಸಿನಲ್ಲೂ ಕಣ್ಣು ಚೆನ್ನಾಗಿದೆ" ಅಂದ. ಸಾವಿರಾರು ಚೆಕ್ಕಿನ ಸಹಿ ನೋಡಿದ ಕಣ್ಣಪ್ಪಾ ಇದು!

ಈಗ ನನ್ನ ವಾದಕ್ಕೆ ಬರುತ್ತೇನೆ. ಗ್ರೇಡಿನ ಅಂಕಿ ಅನ್ನುವುದು ಅಭಿಪ್ರಾಯ. ತಜ್ಞರ ಅಭಿಪ್ರಾಯ ನಿಜ, ಆದರೂ ಅಭಿಪ್ರಾಯವೇ. ಅದೇ ನಾಣ್ಯ ಇನ್ನೊಂದು ದಿನ, ಇನ್ನೊಬ್ಬರ ಕೈಗೆ ಹೋದರೆ ಒಂದಂಕ ಹೆಚ್ಚೋ ಕಡಿಮೆಯೋ ಆಗಬಹುದು. ಚುಕ್ಕೆ ಹಾಗಲ್ಲ. ನಾಲ್ಕಿದ್ದರೆ ನಾಲ್ಕು. ಅದು ಟಂಕಸಾಲೆಯವನು ತನ್ನ ಕೈಯಾರೆ ಬಿಟ್ಟುಹೋದ ಮಾಹಿತಿ. ವಿಚಿತ್ರ ನೋಡಿ, ಅಭಿಪ್ರಾಯ ಲೇಬಲ್ಲಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಸತ್ಯಸಂಗತಿಗೆ ಹೆಚ್ಚುವರಿ ಶುಲ್ಕ! ನಮ್ಮ ಬ್ಯಾಂಕಿನಲ್ಲಿ ಗ್ರಾಹಕರ ಕ್ರೆಡಿಟ್ ಸ್ಕೋರು ಬರೆದು ಅಪ್ಪನ ಹೆಸರು ಬಿಟ್ಟ ಹಾಗೆ. ಅಂಕ ಏರಿಸಿಕೊಳ್ಳಲಿಕ್ಕೆ ಮತ್ತೆ ಮತ್ತೆ ಕಳಿಸುವವರಿದ್ದಾರೆ, ಅದು ಲಾಟರಿ. ವೆರೈಟಿ ಬರೆಸಲಿಕ್ಕೆ ಕಳಿಸುವುದು ಅರೆಬರೆ ದಾಖಲೆಯನ್ನು ಪೂರ್ತಿ ಮಾಡುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಫೋರ್ಟಿನ ನನ್ನ ಗೆಳೆಯರೊಬ್ಬರು, ನಲವತ್ತು ವರ್ಷದಿಂದ ಸಂಗ್ರಹ ಮಾಡುವವರು, ನಕ್ಕರು. "ಕಣ್ಣಿದ್ದವನಿಗೆ ಚೀಟಿ ಯಾಕೆ, ಇಲ್ಲದವನಿಗೆ ಚೀಟಿಯಿಂದೇನು?" ಅಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಲೋಕಲ್ಲಿನಲ್ಲಿ ಮನೆಗೆ ಬರುವಾಗ ಒಂದು ಹಳೆಯ ಸಂಗತಿ ನೆನಪಾಯಿತು.

ಬಹಳ ವರ್ಷದ ಹಿಂದೆ, ಬೇರೊಂದು ಶಾಖೆಯಲ್ಲಿ ಲಾಕರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಸಿಂಧಿ ಹಿರಿಯರೊಬ್ಬರು ತೀರಿಕೊಂಡರು. ಮಕ್ಕಳು ಬಂದರು, ಸಾಕ್ಷಿಗಳ ಮುಂದೆ ಲಾಕರು ತೆರೆದೆವು. ಒಂದು ಬಟ್ಟೆ ಚೀಲದ ತುಂಬ ಬೆಳ್ಳಿ ನಾಣ್ಯಗಳು. ಒಂದೊಂದನ್ನೂ ಕಾಗದದ ಪೊಟ್ಟಣದಲ್ಲಿ ಸುತ್ತಿ, ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿದ್ದರು. ಬರೆದದ್ದು ಸಿಂಧಿಯಲ್ಲಿ, ಅರಬ್ಬಿ ಲಿಪಿಯಲ್ಲಿ. ಮಕ್ಕಳಿಗೆ ಆ ಲಿಪಿ ಬರುತ್ತಿರಲಿಲ್ಲ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನನಗಂತೂ ಬರುವ ಮಾತೇ ಇಲ್ಲ. ಆಗ ನನಗೆ ಈ ಹುಚ್ಚೂ ಇರಲಿಲ್ಲ. ಇನ್ವೆಂಟರಿಯಲ್ಲಿ ನನ್ನ ಕೈಯಾರೆ ಬರೆದೆ: "ಹಳೆಯ ಬೆಳ್ಳಿ ನಾಣ್ಯಗಳು, 43." ಸಹಿ ಹಾಕಿದೆ, ಮೊಹರು ಒತ್ತಿದೆ. ಆಮೇಲೆ ದೊಡ್ಡ ಮಗ ಶಾಖೆಗೆ ಬಂದಾಗ ಕೇಳಿದೆ. ಝವೇರಿ ಬಜಾರಿನಲ್ಲಿ ತೂಕಕ್ಕೆ ಕೊಟ್ಟೆವು ಅಂದ. ಪೊಟ್ಟಣ ಬಿಚ್ಚಿದ್ದು ಯಾರು, ಕಾಗದ ಎಲ್ಲಿ ಹೋಯಿತು, ಕೇಳಲಿಲ್ಲ. ಈಗ ಕೇಳಬೇಕಿತ್ತು ಅನ್ನಿಸುತ್ತದೆ.

ನಾನೂ ಅದನ್ನೇ ಮಾಡುತ್ತಿದ್ದೇನೆ ಕಣ್ರೀ! ನನ್ನ ನಾಣ್ಯಗಳ ವಿವರವೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿದೆ, ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಎಷ್ಟು ಚುಕ್ಕೆ, ಎಲ್ಲ. ಎಲ್ಲ ಕನ್ನಡದಲ್ಲಿ. ನನ್ನ ಮಗಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಅಜ್ಜಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾಳೆ. ಓದಲು ಬರುವುದಿಲ್ಲ. ಕಲಿಸಲಿಲ್ಲ. "ನಾಳೆ ಕಲಿಸೋಣ" ಅಂತಲೇ ಅವಳು ಕೆಲಸಕ್ಕೆ ಸೇರಿದಳು. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇದೇ ಕಥೆಯೋ! ಹಾಗಾಗಿ ಲೇಬಲ್ಲಿನ ಆ ಒಂದು ಸಾಲು ನನಗಲ್ಲ, ಫೋರ್ಟಿನ ಗೆಳೆಯರಿಗೂ ಅಲ್ಲ. ಮುಂದೊಂದು ದಿನ ನನ್ನ ಲಾಕರಿನ ಮುಂದೆ ನಿಲ್ಲುವವಳಿಗೆ.

ಕಳಿಸುವುದಾದರೆ ಈಗಲೇ ಕಳಿಸಬೇಕು. ಅದಕ್ಕೊಂದು ಕಾನೂನಿನ ಕಾರಣವಿದೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಜೈಲು, ಆರು ತಿಂಗಳಿಗೆ ಕಡಿಮೆಯಿಲ್ಲ. ಹುಡುಗ ಡಿಸೆಂಬರಿನಲ್ಲಿ ಬರುವಾಗ, ಕಸ್ಟಮ್ಸಿಗೆ ಹೇಳಬೇಕಾದ್ದು ಹೇಳಿ, ನಾಣ್ಯ ತಂದುಬಿಟ್ಟರೆ ಮುಗಿಯಿತು, ಆಮೇಲೆ ಆ ಲೇಬಲ್ ಹಾಗೇ ಇರಬೇಕಾದ್ದೇ. ಕಾಯ್ದೆಯ ಬಗ್ಗೆ ನನ್ನ ತಕರಾರಿಲ್ಲ. ದೇವಸ್ಥಾನದ ವಿಗ್ರಹಗಳು ಹಡಗು ಹತ್ತಿ ಹೋದದ್ದನ್ನು ಕಂಡ ದೇಶಕ್ಕೆ ಅಂಥ ಬೇಲಿ ಬೇಕು. ಆದರೆ ಕೋಟಿಗಟ್ಟಲೆ ಅಚ್ಚಾದ ರೂಪಾಯಿಗೂ ಚೋಳರ ಕಂಚಿನ ವಿಗ್ರಹಕ್ಕೂ ಒಂದೇ ಬೇಲಿಯೇ? ಹೋಗಿ ವಾಪಸು ಬರುವ ನಾಣ್ಯಕ್ಕೆ, ಜಾಮೀನು ಇಟ್ಟಾದರೂ ಸರಿ, ಒಂದು ಪರವಾನಗಿ ಕೊಡಬಹುದಿತ್ತು.

ಇನ್ನೊಂದು ಹೊಟ್ಟೆಯುರಿಯೂ ಇದೆ. ಬೊಂಬಾಯಿ ಟಂಕಸಾಲೆ ಇರುವುದು ಫೋರ್ಟಿನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೆ, ನಮ್ಮ ಆಫೀಸಿನಿಂದ ನಡೆದರೆ ಹತ್ತು ನಿಮಿಷ. 1820ರ ದಶಕದಲ್ಲಿ ಕಟ್ಟಿದ ಆ ಕಂಬಗಳ ಕಟ್ಟಡದಲ್ಲಿ ಯಾರೋ ಒಬ್ಬ ಕೆಲಸಗಾರ ಅಚ್ಚಿಗೆ ನಾಲ್ಕು ಚುಕ್ಕೆ ಕೊರೆದ. ಅವು ನಾಲ್ಕು ಹೌದು ಅಂತ ಹೇಳಲಿಕ್ಕೆ ನಾನು ಅಮೆರಿಕಕ್ಕೆ ದುಡ್ಡು ಕಟ್ಟುತ್ತಿದ್ದೇನೆ. ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ ಆ ಗೇಟಿನ ಮುಂದೆ ಹಾದುಹೋಗುವಾಗ ಸ್ವಲ್ಪ ನಾಚಿಕೆಯೇ ಆಗುತ್ತದೆ.

ಆದರೂ ಕಳಿಸು ಅಂದೆ. ಫಾರಂ ತುಂಬುವಾಗ ಹುಡುಗ ಕೇಳಿದ, "ಅಂಕವನ್ನೂ ಮತ್ತೆ ನೋಡಿ ಅಂತ ಟಿಕ್ ಹಾಕಲಾ ಚಿಕ್ಕಪ್ಪಾ?" ಬೇಡ ಅಂದೆ. ಚುಕ್ಕೆ ಮಾತ್ರ. ನಿನ್ನೆ ರಾತ್ರಿ ಪಾರ್ಸೆಲ್ ಹೊರಟ ರಸೀದಿ ವಾಟ್ಸ್ಯಾಪಿನಲ್ಲಿ ಬಂತು. ಊಟದ ಹೊತ್ತಿಗೆ ಮಗಳನ್ನು ಕರೆದು, ಆ ಹದಿನಾಲ್ಕನೆಯ ಫೋಟೋ ತೋರಿಸಿ "ಎಷ್ಟು ಚುಕ್ಕೆ, ಎಣಿಸು" ಅಂದೆ. ಮೊಬೈಲು ಹಿಂದೆ ಮುಂದೆ ಮಾಡಿ, ದೊಡ್ಡದು ಮಾಡಿ ನೋಡಿದಳು.

"ಮೂರು" ಅಂದಳು.

"ಇನ್ನೊಂದ್ಸಲ ನೋಡು" ಅಂದೆ.