ಅಜ್ಜಿಯ ಕೈ ಪಾರ್ಸೆಲ್‌ನಲ್ಲಿ ಬರುವುದಿಲ್ಲ

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ದುಬೈಗೆ ಬರುವವರ ಚೀಲದಲ್ಲಿ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ ಇರುವುದು ಸಾಮಾನ್ಯ. ತಿಂಗಳುಗಟ್ಟಲೆ ಕೆಡದ ಆ ರೊಟ್ಟಿ ದೂರ ಹೋಗುವವರಿಗೆ ಹೇಳಿ ಮಾಡಿಸಿದ ಬುತ್ತಿ. ಆದರೆ ಕಟ್ಟು ಖಾಲಿಯಾದ ಮೇಲೆ ದುಬೈ, ಅಬುಧಾಬಿಯ ಎಷ್ಟು ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ?

ಹಿಟ್ಟಿಗೆ ಕೊರತೆಯಿಲ್ಲ. ಕರಾಮಾ, ಬರ್ ದುಬೈನ ಭಾರತೀಯ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಕೊರತೆ ಇರುವುದು ಪಳಗಿದ ಕೈಗೆ. ಗೋಧಿಯಂತೆ ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿದರೆ ಮಾತ್ರ ಹಿಟ್ಟು ಜಿಗುಟಾಗಿ ಕೂಡಿಕೊಳ್ಳುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಆ ಜಿಗುಟೂ ಕಡಿಮೆ. ಆಗ ಎಸರು ಎಷ್ಟು, ಎಷ್ಟು ಹೊತ್ತು ನಾದಬೇಕು ಎಂಬುದು ಅಂಗೈಗೇ ಗೊತ್ತು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವ ಹೊತ್ತಿಗೆ ಸರಿಯಾಗಿ ಮಗುಚುವುದೂ ಹಾಗೆಯೇ. ವಿಡಿಯೊ ನೋಡಿ ಅರ್ಧ ಕಲಿಯಬಹುದು. ಉಳಿದರ್ಧಕ್ಕೆ ಅಜ್ಜಿ ಪಕ್ಕದಲ್ಲಿ ಕೂತು ‘ಇನ್ನೊಂದೀಟು ನಾದವಾ’ ಎನ್ನಬೇಕು.

ನಾವು ದುಡಿಯಲು ಬಂದಿರುವ ಈ ನಾಡಿಗೂ ಇಂಥದೇ ರೊಟ್ಟಿಯಿದೆ. ಕಾದ ತಟ್ಟೆಯ ಮೇಲೆ ಕೈಯಲ್ಲೇ ತೆಳ್ಳಗೆ ಸವರಿ ಸುಡುವ ಗರಿಗರಿಯಾದ ರೆಗಾಗ್ ಅದು. ಪಾರಂಪರಿಕ ಉತ್ಸವಗಳಲ್ಲಿ ಎಮಿರಾತಿ ಹಿರಿಯ ಮಹಿಳೆಯರು ಅದನ್ನು ಎಲ್ಲರೆದುರು ಮಾಡಿ ಬಡಿಸುತ್ತಾರೆ. ನಮ್ಮ ರಾಜ್ಯೋತ್ಸವದ ಊಟಕ್ಕೆ ರೊಟ್ಟಿಯನ್ನು ಹೊರಗಿನಿಂದ ತರಿಸುವ ಬದಲು ಸಭಾಂಗಣದ ಹೊರಗೆ ಒಂದು ಒಲೆ ಹೂಡಿದರೆ ಹೇಗೆ? ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳಕ್ಕೆ ಸಿಕ್ಕ ಗೌರವ ಅದನ್ನು ಬಡಿಯುವ ಕೈಗೂ ಸಿಗಬೇಕು.

ಒಂದು ಮಾತು ಮರೆಯಬಾರದು. ಈ ಕೈಗಳು ಹೊಗೆಯ ಮುಂದೆ ಕೂತು ಸವೆದಿವೆ. ಪರಂಪರೆಯ ಹೆಸರಿನಲ್ಲಿ ಆ ದುಡಿಮೆಯನ್ನು ಹೆಣ್ಣುಮಕ್ಕಳ ಮೇಲಷ್ಟೇ ಹೊರಿಸುವುದು ಸಲ್ಲದು. ಮಗನೂ ನಾದಲಿ, ಅಪ್ಪನೂ ಬಡಿಯಲಿ.

ಜುಲೈ, ಆಗಸ್ಟ್‌ನ ಶಾಲಾ ರಜೆಯಲ್ಲಿ ಊರಿಗೆ ಹೋದಾಗಲೋ, ಅಜ್ಜಿಯೇ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದಾಗಲೋ ಮೊಮ್ಮಕ್ಕಳನ್ನು ಆಕೆಯ ಪಕ್ಕ ಕೂರಿಸಿ. ಮೊದಲ ರೊಟ್ಟಿ ಹರಿಯುತ್ತದೆ, ಎರಡನೆಯದೂ ಹರಿದೀತು. ಹರಿದದ್ದನ್ನೇ ಎಣ್ಣೆಗಾಯಿ ಪಲ್ಯದೊಡನೆ ತಿಂದು ಮತ್ತೆ ಹಿಟ್ಟಿಗೆ ಕೈಹಾಕಲಿ. ಆದರೆ ‘ಮುಂದಿನ ರಜೆಗೆ ನೋಡೋಣ’ ಎನ್ನಬೇಡಿ; ಅಜ್ಜಿಯ ವಯಸ್ಸು ನಮ್ಮ ರಜೆಗಾಗಿ ಕಾಯುವುದಿಲ್ಲ.